ಸೈಕಲ್ ‘ಮಾಡುತ್ತಿದ್ದ’ ಪಿಜ್ಜನನ್ನು ಹುಡುಕಿ ಹೊರಟಾಗ

ಶಿರ್ವದ ನಮ್ಮ ಗೆಳೆಯನ ಮನೆಯಲ್ಲಿ ಒಂದು ಮಾತು ತಲೆಮಾರುಗಳಿಂದ ಉಳಿದುಕೊಂಡಿದೆ: ಪಿಜ್ಜ ಸೈಕಲ್ ಮಾಡುತ್ತಿದ್ದರು. ಅವರ ಫೋಟೊ ಇಲ್ಲ, ಅಂಗಡಿಯ ಬೋರ್ಡು ಇಲ್ಲ, ಒಂದು ರಸೀದಿಯೂ ಇಲ್ಲ. ಇರುವುದು ಹಳೆಯ ಬಿಸ್ಕತ್ತಿನ ಡಬ್ಬಿಯೊಳಗೆ ತುಕ್ಕು ಹಿಡಿದು ಕೂತ, ಸುತ್ತಲೂ ಕಚ್ಚುಗಳಿರುವ ಅಂಗೈಯಗಲದ ಒಂದು ಕಬ್ಬಿಣದ ತುಂಡು ಮಾತ್ರ. ಪಿಜ್ಜನ ಮಗಳು, ಅಂದರೆ ಗೆಳೆಯನ ಅಜ್ಜಿಗೆ ಈಗ ಕಿವಿ ಮಂದ, ನೆನಪು ಗಟ್ಟಿ. ಅವರಿರುವಾಗಲೇ ಬರೆದಿಡೋಣ ಅಂತ ನಾವು ಮೂವರು ಹೊರಟೆವು.

ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ‘ಬೈಸಿಕಲ್ ತಯಾರಕರು’ ಎಂದು ಬರೆದುಕೊಂಡೆವು. ಎಡವಿದ್ದು ಅಲ್ಲೇ.

ತಯಾರಕರು ಅಂದಮೇಲೆ ಕಾರ್ಖಾನೆ ಇರಬೇಕಲ್ಲ? ಅದನ್ನು ಹುಡುಕತೊಡಗಿದೆವು. ಎರಡೂ ಚಕ್ರ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿರುವ, ಚೈನಿನಿಂದ ಓಡುವ ಸೈಕಲನ್ನು ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲಿ ಹೊರತಂದದ್ದು 1885ರಲ್ಲಿ. 1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟಯರಿಗೆ ಪೇಟೆಂಟ್ ಪಡೆದ. ಅಲ್ಲಿಂದ ಮುಂದೆ ದಶಕಗಳ ಕಾಲ ನಮ್ಮಲ್ಲಿಗೆ ಸೈಕಲ್ ಬಂದದ್ದು ಹಡಗಿನಲ್ಲಿ. ರ‍್ಯಾಲಿ, ಬಿಎಸ್‌ಎ, ಹರ್ಕ್ಯುಲಿಸ್ ಎಂಬ ಹೆಸರುಗಳು ಹಳ್ಳಿಯವರಿಗೂ ಬಾಯಿಪಾಠವಾದವು. ದೇಶದ ದೊಡ್ಡ ಕಾರ್ಖಾನೆಗಳಲ್ಲಿ ಹೆಚ್ಚಿನವು ಸ್ವಾತಂತ್ರ್ಯದ ನಂತರದವು: ಮದ್ರಾಸಿನ ಟಿಐ ಸೈಕಲ್ಸ್ 1949, ಸೋನಿಪತ್‌ನ ಅಟ್ಲಾಸ್ 1951, ಲುಧಿಯಾನದ ಹೀರೋ 1956. ಬೊಂಬಾಯಿಯ ವರ್ಲಿಯಲ್ಲಿ ಹಿಂದ್ ಸೈಕಲ್ಸ್ ಇತ್ತು.

ಬೊಂಬಾಯಿ ಎಂದ ಕೂಡಲೇ ನಮ್ಮ ಕಿವಿ ನೆಟ್ಟಗಾಯಿತು. ಶಿರ್ವದ ಕಡೆಯಿಂದ ದುಡಿಮೆಗೆ ಬೊಂಬಾಯಿಗೆ ಹೋದವರಿಗೆ ಲೆಕ್ಕವುಂಟೇ? ಪಿಜ್ಜನೂ ಹಿಂದ್ ಸೈಕಲ್ಸ್ ಸೇರಿರಬೇಕು ಎಂದು ನಮ್ಮಷ್ಟಕ್ಕೆ ತೀರ್ಮಾನಿಸಿದೆವು. ಕಥೆ ಚೆನ್ನಾಗಿತ್ತು, ತಲೆಬರಹವೂ ಸಿದ್ಧವಾಗಿತ್ತು. ಮನೆಯ ಪೆಟ್ಟಿಗೆಗಳಲ್ಲಿ ಪಿಎಫ್ ಚೀಟಿ, ಮನಿಆರ್ಡರಿನ ತುಂಡು, ಗೇಟ್ ಪಾಸ್ ಹುಡುಕಿದೆವು. ಏನೂ ಸಿಗಲಿಲ್ಲ.

ಸರಕಾರಿ ದಾಖಲೆಯಲ್ಲಾದರೂ ಇರಬಹುದು ಅಂದುಕೊಂಡೆವು. ಇಂಗ್ಲೆಂಡಿನಲ್ಲಾದರೆ 1911ರ, 1921ರ ಜನಗಣತಿಯ ಹಾಳೆಗಳನ್ನೇ ತೆರೆದು ಮುತ್ತಜ್ಜನ ಹೆಸರಿನ ಮುಂದೆ ಏನು ಕೆಲಸ ಬರೆದಿದೆ ಎಂದು ಓದಬಹುದು. ಅಲ್ಲೂ ‘ಸೈಕಲ್ ಮೇಕರ್’ ಎಂದು ಬರೆಸಿದವರೆಲ್ಲ ಇಡೀ ಸೈಕಲ್ ಮಾಡಿದವರಲ್ಲ. ಒಬ್ಬ ಕೊಳವೆ ಬೆಸೆಯುವವ, ಇನ್ನೊಬ್ಬ ಬರೀ ಪಾಲಿಶ್ ಹಾಕುವವ. ನಮ್ಮಲ್ಲಿ 1948ರ ಜನಗಣತಿ ಕಾಯ್ದೆಯ 15ನೇ ಕಲಂ ಪ್ರಕಾರ ಮನೆಮನೆಯ ವಿವರ ಗೌಪ್ಯ. ಹೊರಗೆ ಸಿಗುವುದು ಒಟ್ಟು ಲೆಕ್ಕ ಮಾತ್ರ, ಹೆಸರಲ್ಲ. 1956ರವರೆಗೆ ನಮ್ಮ ಜಿಲ್ಲೆ ಮದ್ರಾಸಿಗೆ ಸೇರಿದ್ದರಿಂದ ಆ ಕಾಲದ ಕಡತ ಬೇಕಾದವರು ಚೆನ್ನೈಯ ಪತ್ರಾಗಾರದತ್ತಲೂ ನೋಡಬೇಕು. ಹಳ್ಳಿಯ ಜಗಲಿಯಲ್ಲಿ ಕೂತು ಕೆಲಸ ಮಾಡಿದವನಿಗೆ ಅಲ್ಲಿ ಯಾರು ಕಡತ ತೆರೆದಾರು?

ಸೋತು ಅಜ್ಜಿಯ ಹತ್ತಿರ ವಾಪಸು ಬಂದೆವು. ಬೊಂಬಾಯಿಯ ವಿಷಯ ತೆಗೆದದ್ದೇ ತಡ, ಅವರು ನಕ್ಕುಬಿಟ್ಟರು. “ಬೊಂಬಾಯಿಯಾ? ಅವರು ಮಂಗಳೂರಿಂದ ಆಚೆ ಹೋದವರೇ ಅಲ್ಲ ಮಗಾ.”

ಹಾಗಾದರೆ ಮೊದಲಿಂದ ಹೇಳಿ ಅಜ್ಜಿ, ತುಳುವಿನಲ್ಲೇ ಹೇಳಿ ಅಂದೆವು. “ಎನ್ನ ಅಮ್ಮೆರ್ ಸೈಕಲ್ ಮಲ್ತೊಂದಿತ್ತೆರ್” ಅಂದರು. ನನ್ನ ಅಪ್ಪ ಸೈಕಲ್ ಮಾಡುತ್ತಿದ್ದರು. ಮಲ್ಪುನಿ ಅಂದರೆ ಮಾಡುವುದು. ಅಡುಗೆಯನ್ನೂ ಮಾಡುತ್ತೇವೆ, ಬೇಸಾಯವನ್ನೂ ಮಾಡುತ್ತೇವೆ, ಕೆಟ್ಟದ್ದನ್ನು ಸರಿಯೂ ಮಾಡುತ್ತೇವೆ. ಅಷ್ಟು ಅಗಲದ ಮಾತನ್ನು ನಾವು ‘ತಯಾರಕರು’ ಎಂಬ ಒಂದೇ ಪದಕ್ಕೆ ಇಳಿಸಿ ವರ್ಲಿಯವರೆಗೆ ಓಡಿದ್ದೆವು.

ಡಬ್ಬಿಯ ತುಂಡನ್ನು ಅಜ್ಜಿಯ ಕೈಗಿಟ್ಟೆವು. ಅವರು ಅದನ್ನು ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ಗಾಳಿಯಲ್ಲೇ ಕಾಲು ಸುತ್ತು ತಿರುಗಿಸಿದರು. ಅದು ಕಡ್ಡಿ ಬಿಗಿಮಾಡುವ ಕೀ. ಪಿಜ್ಜ ಜಗಲಿಯಲ್ಲಿ ಕೂತು ಚಕ್ರ ಕಟ್ಟುತ್ತಿದ್ದರಂತೆ. ಕಡ್ಡಿಗಳನ್ನು ಎಣಿಸಿ ಕೊಡುವುದು ಮಗಳ ಕೆಲಸ.

ಆಗಿನ ಸಾದಾ ಸೈಕಲಿನ ಮುಂದಿನ ಚಕ್ರಕ್ಕೆ 32 ಕಡ್ಡಿ, ಹಿಂದಿನದಕ್ಕೆ 40. ನಡುವಿನ ಹಬ್ಬಿನಿಂದ ಹೊರಟ ಪ್ರತಿ ಕಡ್ಡಿಯೂ ಪಕ್ಕದ ಕಡ್ಡಿಗಳನ್ನು ದಾಟಿ ರಿಮ್ಮಿನ ತೂತು ಸೇರಬೇಕು. ಎಲ್ಲ ಕಡ್ಡಿ ಕೂತ ಮೇಲೆ ಚಕ್ರ ತಿರುಗಿಸಿ ನೋಡಬೇಕು. ಬಲಕ್ಕೆ ವಾಲಿದರೆ ಅಲ್ಲಿ ಎಡಬದಿಯ ಕಡ್ಡಿ ಬಿಗಿಮಾಡಿ ಬಲಬದಿಯದನ್ನು ಸ್ವಲ್ಪ ಸಡಿಲಿಸಬೇಕು. ಒಂದೇ ಸಲಕ್ಕೆ ಜಾಸ್ತಿ ತಿರುಗಿಸಿದರೆ ಇನ್ನೊಂದು ಕಡೆ ಬೆಂಡು ಬರುತ್ತದೆ. ಫ್ರೇಮ್ ಎಲ್ಲಿಯದೇ ಇರಲಿ, ಕಟಪಾಡಿ, ಬೆಳ್ಮಣ್ಣಿನ ಏರು ತಗ್ಗಿನಲ್ಲಿ ಮೀನಿನ ಬುಟ್ಟಿ ಹೊತ್ತು ಓಡಬೇಕಾದ ಸೈಕಲಿಗೆ ಚಕ್ರ ನೆಟ್ಟಗಿರಲೇಬೇಕು. ಅದನ್ನು ನೆಟ್ಟಗಿಟ್ಟದ್ದು ಇಂಥ ಕೈಗಳು.

ಗೆಳೆಯನಿಗೆ ಮೊದಲು ಸ್ವಲ್ಪ ಬೇಸರವಾಯಿತು. “ಅಂದರೆ ಬರೀ ರಿಪೇರಿಯವರಾ?” ಅಂದ. ಅಜ್ಜಿಗೆ ಅದು ಹೇಗೋ ಕೇಳಿಸಿತು. “ಮುರಿದ ಚಕ್ರ ಬರುತ್ತಿತ್ತು, ಓಡುವ ಚಕ್ರ ಹೋಗುತ್ತಿತ್ತು. ಮಾಡುವುದು ಅಂದರೆ ಮತ್ತೇನು?” ಅಂದರು. ನಮ್ಮಲ್ಲಿ ಯಾರಿಗೂ ಉತ್ತರ ಇರಲಿಲ್ಲ.

ನೋಟ್‌ಬುಕ್ಕಿನ ಮೊದಲ ಪುಟದ ‘ತಯಾರಕರು’ ಹೊಡೆದುಹಾಕಿ ಅಜ್ಜಿಯ ತುಳು ವಾಕ್ಯವನ್ನೇ ಬರೆದೆವು. ಸಂದರ್ಶನದಲ್ಲಿ ಹೇಳಿದವರ ಮಾತನ್ನೇ ಬರೆದುಕೊಳ್ಳಿ ಎಂದು ತರಗತಿಯಲ್ಲಿ ಎಷ್ಟು ಸಲ ಕೇಳಿದ್ದೆವೋ! ನಿಮ್ಮ ಮನೆಯ ಹಿರಿಯರ ಕಸುಬು ಹುಡುಕುವವರಿದ್ದರೆ ದಾಖಲೆಗೆ ಮುಂಚೆ ಎರಡು ಕೆಲಸ ಮಾಡಿ. ಅವರ ಬಗ್ಗೆ ಮನೆಯವರು ಹೇಳುವ ಕ್ರಿಯಾಪದವನ್ನು ಅವರ ಭಾಷೆಯಲ್ಲೇ ಬರೆದುಕೊಳ್ಳಿ. ಹಳೆಯ ಡಬ್ಬಿಯಲ್ಲಿ ಗುರುತು ಸಿಗದ ಕಬ್ಬಿಣದ ತುಂಡಿದ್ದರೆ ಗುಜರಿಗೆ ಹಾಕಬೇಡಿ. ಮನೆಯ ಅತಿ ಹಿರಿಯರ ಕೈಗೆ ಕೊಟ್ಟು, ಬೆರಳು ಏನು ಮಾಡುತ್ತದೆ ನೋಡಿ.