ಪರಿಚಯ ಕಾರ್ಡ್

ಪರಿಚಯ ಕಾರ್ಡ್ ಅಥವಾ ಪ್ರೊಫೈಲ್ ಕಾರ್ಡ್ ಎಂಬುದು ವ್ಯಕ್ತಿಯೊಬ್ಬರ ಭಾವಚಿತ್ರ, ಹೆಸರು, ಹುದ್ದೆ, ಊರು ಹಾಗೂ ಸಂಪರ್ಕ ಕೊಂಡಿಯನ್ನು ಜಾಲಪುಟದಲ್ಲಿ ಒಂದೇ ಚೌಕಟ್ಟಿನೊಳಗೆ ತೋರಿಸುವ ಚಿಕ್ಕ ಘಟಕವಾಗಿದೆ. ಒಮ್ಮೆ ರಚಿಸಿದ ಘಟಕವನ್ನು ಮಾಹಿತಿ ಬದಲಿಸಿ ಎಷ್ಟು ಬಾರಿಯಾದರೂ ಬಳಸಬಹುದು. ಶಾಲೆಯ ಶಿಕ್ಷಕರ ಪಟ್ಟಿ, ಕಚೇರಿಯ ಸಿಬ್ಬಂದಿ ಪಟ್ಟಿ ಮೊದಲಾದವುಗಳಿಗೆ ಇದು ಉಪಯುಕ್ತ.

ರಚನೆ

ಕಾರ್ಡಿನ ಒಡಲನ್ನು ಎಚ್‌ಟಿಎಂಎಲ್, ರೂಪವನ್ನು ಸಿಎಸ್‌ಎಸ್ ಹಾಗೂ ವರ್ತನೆಯನ್ನು ಜಾವಾಸ್ಕ್ರಿಪ್ಟ್ ನಿರ್ಧರಿಸುತ್ತವೆ. ಸಾಮಾನ್ಯವಾಗಿ ಹೊರ ಆವರಣಕ್ಕೆ ‘ಆರ್ಟಿಕಲ್’ ಟ್ಯಾಗನ್ನೂ ಹೆಸರಿಗೆ ಶೀರ್ಷಿಕೆಯ ಟ್ಯಾಗನ್ನೂ ಬಳಸಲಾಗುತ್ತದೆ. ಭಾವಚಿತ್ರಕ್ಕೆ ‘ಆಲ್ಟ್’ ಪಠ್ಯವನ್ನು ಕೊಟ್ಟರೆ, ದೃಷ್ಟಿದೋಷವುಳ್ಳವರು ಬಳಸುವ ಸ್ಕ್ರೀನ್ ರೀಡರ್ ಅದನ್ನು ಓದಿ ಹೇಳುತ್ತದೆ. ಸಮ ಉದ್ದಗಲದ ಚಿತ್ರಕ್ಕೆ ‘ಬಾರ್ಡರ್ ರೇಡಿಯಸ್’ ಗುಣವನ್ನು ಶೇ. 50 ಎಂದು ಕೊಟ್ಟರೆ ಅದು ವೃತ್ತಾಕಾರವಾಗಿ ಕಾಣುತ್ತದೆ. ನಿಗದಿತ ಅಗಲದ ಬದಲು ಗರಿಷ್ಠ ಅಗಲವನ್ನು ಸೂಚಿಸಿದರೆ ಕಾರ್ಡು ಮೊಬೈಲಿನ ಪರದೆಗೂ ಹೊಂದಿಕೊಳ್ಳುತ್ತದೆ.

ಕನ್ನಡ ಹೆಸರುಗಳ ನಿರ್ವಹಣೆ

ಯೂನಿಕೋಡ್ ವ್ಯವಸ್ಥೆಯಲ್ಲಿ ವ್ಯಂಜನ, ಸ್ವರಚಿಹ್ನೆ, ಅನುಸ್ವಾರ ಮತ್ತು ಹಲಂತಗಳಿಗೆ ಪ್ರತ್ಯೇಕ ಸಂಕೇತಗಳಿವೆ. ಆದುದರಿಂದ ಕಣ್ಣಿಗೆ ಕಾಣುವ ಅಕ್ಷರಗಳ ಎಣಿಕೆಯೂ ಗಣಕದ ಎಣಿಕೆಯೂ ಒಂದೇ ಆಗಿರುವುದಿಲ್ಲ. ‘ಚಾಮರಾಜನಗರ’ದಲ್ಲಿ 7 ಅಕ್ಷರಗಳೂ 9 ಸಂಕೇತಗಳೂ ಇವೆ, ‘ಗುಂಡ್ಲುಪೇಟೆ’ಯಲ್ಲಿ 4 ಅಕ್ಷರಗಳಿದ್ದರೂ ಸಂಕೇತಗಳು 11. ಊರಿನ ಹೆಸರಿಗೆ 10 ಸಂಕೇತಗಳ ಮಿತಿ ಹಾಕಿದರೆ ಉದ್ದವಾಗಿ ಕಾಣುವ ಜಿಲ್ಲಾ ಕೇಂದ್ರದ ಹೆಸರು ಪೂರ್ಣವಾಗಿ ಉಳಿಯುತ್ತದೆ. ತಾಲ್ಲೂಕು ಕೇಂದ್ರದ ಹೆಸರು ‘ಗುಂಡ್ಲುಪೇಟ’ ಎಂದು ತುಂಡಾಗುತ್ತದೆ. ಮಿತಿ 5 ಆದರೆ ‘ಗುಂಡ್’ ಎಂದಷ್ಟೇ ಉಳಿಯುತ್ತದೆ.

ಭಾವಚಿತ್ರವಿಲ್ಲದಾಗ ಹೆಸರಿನ ಮೊದಲಕ್ಷರವನ್ನು ತೋರಿಸುವ ರೂಢಿಯಿದೆ. ಇಲ್ಲಿ ಮೊದಲ ಸಂಕೇತವನ್ನಷ್ಟೇ ತೆಗೆದರೆ ‘ಶ್ರೀಕಂಠ’ನು ‘ಶ’ ಆಗುತ್ತಾನೆ. ಜಾವಾಸ್ಕ್ರಿಪ್ಟಿನ ‘ಸೆಗ್ಮೆಂಟರ್’ ಸೌಲಭ್ಯವು ಸ್ವರಚಿಹ್ನೆಯನ್ನು ವ್ಯಂಜನದೊಡನೆ ಉಳಿಸುತ್ತದೆ. ಆದರೆ ಒತ್ತಕ್ಷರ ಒಡೆಯುವ ಸಂಭವವಿರುವುದರಿಂದ, ಹಲಂತದಲ್ಲಿ ಕೊನೆಗೊಳ್ಳುವ ತುಂಡನ್ನು ಮುಂದಿನದರೊಡನೆ ಕೂಡಿಸಬೇಕು.

ಒತ್ತಕ್ಷರಗಳು ಸಾಲಿನ ಕೆಳಕ್ಕೆ ಇಳಿಯುತ್ತವೆ. ಸಾಲಿನ ಎತ್ತರ ಕಡಿಮೆಯಿದ್ದು, ಹೊರಚಾಚಿದ ಭಾಗವನ್ನು ಮರೆಮಾಡುವ ಗುಣವೂ ಇದ್ದರೆ ‘ಡ್ಲು’ವಿನ ಲಕಾರ ಕತ್ತರಿಸಿ ಹೋಗಬಹುದು. ಸಾಲಿನ ಎತ್ತರವನ್ನು ಅಕ್ಷರಗಾತ್ರದ ಸುಮಾರು ಒಂದೂವರೆ ಪಟ್ಟು ಇಡುವುದು ಉಪಯುಕ್ತ.

ಭಾಷಾ ಸೂಚನೆ

ಗುಂಡ್ಲುಪೇಟೆ ತಾಲ್ಲೂಕು ಕೇರಳ ಮತ್ತು ತಮಿಳುನಾಡುಗಳ ಗಡಿಯಲ್ಲಿದೆ. ಇಂಥ ಪ್ರದೇಶದ ಪಟ್ಟಿಯಲ್ಲಿ ಮಲಯಾಳಂ ಅಥವಾ ತಮಿಳು ಲಿಪಿಯ ಹೆಸರುಗಳೂ ಸೇರಬಹುದು. ಪ್ರತಿ ಹೆಸರಿಗೂ ಸರಿಯಾದ ‘ಲ್ಯಾಂಗ್’ ಗುಣವನ್ನು ಕೊಟ್ಟರೆ ಸ್ಕ್ರೀನ್ ರೀಡರ್ ತಕ್ಕ ಧ್ವನಿಯನ್ನು ಆಯ್ದುಕೊಳ್ಳಲು ನೆರವಾಗುತ್ತದೆ.