ಅಜ್ಜನ ರೈಫಲು, ಕೃಷ್ಣಮೃಗದ ಓಟ



ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಕಡೆ ಯಾರ ಮನೆಯಲ್ಲಾದರೂ ಅಜ್ಜನ ಕಾಲದ ರೈಫಲು ಕಂಡರೆ ಅದರ ಬೋಲ್ಟನ್ನು ಗಮನಿಸಿ. ಹಿಡಿಯನ್ನೆತ್ತಿ ಹಿಂದಕ್ಕೆಳೆದರೆ ಖಾಲಿ ತೋಟಾ ಹೊರಬೀಳುತ್ತದೆ. ಮುಂದಕ್ಕೆ ತಳ್ಳಿ ಕೆಳಕ್ಕೆ ತಿರುಗಿಸಿದರೆ ಹೊಸ ತೋಟಾ ಒಳಸೇರಿ ಬಾಯಿ ಭದ್ರವಾಗುತ್ತದೆ. 1898ರ ಜರ್ಮನ್ ಮೌಸರ್ ಇಂಥ ಹಲವು ರೈಫಲುಗಳಿಗೆ ಮಾದರಿಯಾಯಿತು. ಸೈನ್ಯದ .303 ಗುಂಡು ನಾಗರಿಕರಿಗೆ ನಿಷಿದ್ಧವಾದ್ದರಿಂದ ಬಂಗಾಳದ ಇಛಾಪುರ ಕಾರ್ಖಾನೆ .315 ಅಳತೆಯ ರೈಫಲು ತಯಾರಿಸಿತು.

ಬಯಲುಸೀಮೆಯ ಕೃಷ್ಣಮೃಗಕ್ಕೆ ಕಣ್ಣು, ಕಾಲುಗಳೇ ರಕ್ಷಣೆ. ಶತ್ರುವನ್ನು ದೂರದಿಂದಲೇ ಕಂಡು ಓಡಿಬಿಡುತ್ತದೆ. ನೂರಾರು ಗಜದಾಚೆ ಗುರಿ ಮುಟ್ಟುವ ರೈಫಲಿನ ಮುಂದೆ ಆ ದೂರಕ್ಕೆ ಬೆಲೆ ಉಳಿಯಲಿಲ್ಲ. ಇತ್ತ ಹುಲ್ಲುಗಾವಲೂ ಉಳುಮೆಗೆ ಸೇರಿತು, ಹಿಂಡುಗಳು ಕರಗಿದವು.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಕೃಷ್ಣಮೃಗದ ಬೇಟೆಯನ್ನು ನಿಷೇಧಿಸಿತು. ಅಜ್ಜನ ರೈಫಲು ಮೊಮ್ಮಗನಿಗೆ ಬರಬೇಕಾದರೆ 1959ರ ಶಸ್ತ್ರಾಸ್ತ್ರ ಕಾಯಿದೆಯಂತೆ ಅವನ ಹೆಸರಿನಲ್ಲೇ ಪರವಾನಗಿ ಬೇಕು; ಆದರೆ ಆ ಪರವಾನಗಿ ಬೇಟೆಗೆ ಅಪ್ಪಣೆಯಲ್ಲ.

ಗೌರಿಬಿದನೂರಿಗೆ ನೆರೆಯ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಗೆ ಒಮ್ಮೆ ಹೋಗಿಬನ್ನಿ. ಅಲ್ಲಿನ ಹುಲ್ಲುಗಾವಲು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲಾಯಿತು. ಗುಂಡು ಕಸಿದುಕೊಂಡ ದೂರವನ್ನು ಕಾನೂನು ಅಲ್ಲಿ ಮೃಗಕ್ಕೆ ಹಿಂದಿರುಗಿಸಿದೆ. ಆ ದೂರವನ್ನು ಕಾಯುವುದು ಇನ್ನು ನಿಮ್ಮ ಪಾಲಿನ ಕೆಲಸ.