ಕಟ್ಟಿಸಿದವರು, ಕಟ್ಟಿದವರು: ಯುಂಗಾಸ್ ಇಳಿದಾರಿಯ ಇತಿಹಾಸ

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ದಕ್ಷಿಣ ಅಮೆರಿಕದ ಬೊಲಿವಿಯಾ ದೇಶಕ್ಕೆ ಹೋಗಿ ಬಂದವನು ಒಂದು ಸಂಜೆ ಮನೆಗೆ ಬಂದಿದ್ದನು. ಹೆಸರು ಬರೆಯಬೇಡಿ ಎಂದು ಕೇಳಿಕೊಂಡಿದ್ದಾನೆ, ಬರೆಯುವುದಿಲ್ಲ. ಏಳನೆಯ ತರಗತಿಯಲ್ಲಿದ್ದಾಗ ಶಾಲೆಯ ಹಿಂದಿನ ದಿಬ್ಬದಿಂದ ಬಾಡಿಗೆ ಸೈಕಲ್ಲನ್ನು ಬ್ರೇಕು ಹಿಡಿಯದೆ ಇಳಿಸಿ, ಮೊಣಕೈ ತರಚಿಕೊಂಡು ತರಗತಿಗೆ ಬಂದು ನನ್ನಿಂದ ಬೈಸಿಕೊಂಡವನು ಎಂದರೆ ಅವನ ಜೊತೆಗಾರರಿಗೆ ಗುರುತು ಸಿಕ್ಕೀತು. ಐವತ್ತರ ಹೊಸ್ತಿಲಲ್ಲಿಯೂ ಆ ಚಪಲ ಬಿಟ್ಟಿಲ್ಲ. ಆಂಡಿಸ್ ಪರ್ವತಗಳಲ್ಲಿ ಮಾರ್ಗದರ್ಶಕರ ಜೊತೆಗೂಡಿ ಮೂರು ದಿನಗಳ ಕಾಲ ಸೈಕಲ್ಲಿನ ಮೇಲೆ ಬರೀ ಇಳಿಯುವುದಕ್ಕೆಂದೇ ಅವನು ಅಷ್ಟು ದೂರ ಹೋಗಿದ್ದನು!

ಜೊತೆಯಲ್ಲಿ ಒಂದು ಅಂಗಿಯನ್ನು ತಂದಿದ್ದನು. ಸವಾರಿ ಮುಗಿಸಿದವರಿಗೆಲ್ಲ ಕೊಡುತ್ತಾರಂತೆ. "ಮೃತ್ಯುಮಾರ್ಗದಿಂದ ಬದುಕಿ ಬಂದೆ" ಎಂಬರ್ಥದ ಮಾತು ಅದರ ಮೇಲೆ ಅಚ್ಚಾಗಿದೆ. ಅದನ್ನು ತೋರಿಸಿ ನಕ್ಕವನು, ಕಾಫಿ ಕುಡಿದಾದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದನು: "ಮೇಷ್ಟ್ರೇ, ಆ ರಸ್ತೆಯನ್ನು ಯುದ್ಧಕೈದಿಗಳು ಕಡಿದದ್ದಂತೆ. ಜೊತೆಗಿದ್ದ ಮಾರ್ಗದರ್ಶಕ ಒಂದೇ ವಾಕ್ಯದಲ್ಲಿ ಹೇಳಿ ಹೆಲ್ಮೆಟ್ ಹಾಕಿಕೊಂಡು ಮುಂದೆ ಹೋದ. ಅದು ಯಾವ ಯುದ್ಧ? ನೀವು ನಮಗೆ ಆ ಪಾಠ ಮಾಡಿರಲಿಲ್ಲ."

ಕೊನೆಯ ಮಾತು ನನ್ನನ್ನು ಚುಚ್ಚಿತು. ಪಠ್ಯದಲ್ಲಿ ಇರಲಿಲ್ಲ ಎಂದು ಹೇಳಿ ಜಾರಿಕೊಳ್ಳಬಹುದಿತ್ತು. ಆದರೆ ಪಾಠ ಬಾಕಿ ಉಳಿದಿದ್ದರೆ ಮುಗಿಸುವುದು ಮೇಷ್ಟರ ಧರ್ಮ. ಈ ಬರಹ ಆ ಬಾಕಿ ಪಾಠ.

ಮೊದಲು ಭೂಗೋಳ. ಬೊಲಿವಿಯಾದ ಸರ್ಕಾರ ನಡೆಯುವ ಊರು ಲಾ ಪಾಸ್. ಸಮುದ್ರಮಟ್ಟದಿಂದ ಸುಮಾರು 3,600 ಮೀಟರ್ ಎತ್ತರದ ಕಣಿವೆಯಲ್ಲಿದೆ. ಅದರ ಪಶ್ಚಿಮಕ್ಕೆ ಒಣಗಾಳಿಯ ಎತ್ತರದ ಬಯಲು. ಈಶಾನ್ಯಕ್ಕೆ ಹಿಮ ಹೊತ್ತ ಪರ್ವತಶ್ರೇಣಿ. ಆ ಶ್ರೇಣಿಯನ್ನು ದಾಟಿ ಆಚೆಗೆ ಇಳಿದರೆ ಮೋಡ ಮುಸುಕಿದ ದಟ್ಟ ಕಾಡಿನ ಇಳಿಜಾರುಗಳು. ಅವಕ್ಕೆ ಯುಂಗಾಸ್ ಎಂದು ಹೆಸರು. ಕಾಫಿ, ಬಾಳೆ, ಕಿತ್ತಳೆ ಎಲ್ಲವೂ ಅಲ್ಲಿ ಬೆಳೆಯುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ ಕೋಕಾ ಎಲೆ. ಎತ್ತರದಲ್ಲಿ ದುಡಿಯುವ ಜನ ಹಸಿವು, ಚಳಿ, ಆಯಾಸಗಳನ್ನು ಮರೆಯಲು ಶತಮಾನಗಳಿಂದ ಅದನ್ನು ದವಡೆಯಲ್ಲಿಟ್ಟುಕೊಳ್ಳುತ್ತಾರೆ. ಘಟ್ಟದ ಕೆಳಗಿನ ಸರಕು ಮೇಲಕ್ಕೆ, ಮೇಲಿನದು ಕೆಳಕ್ಕೆ ಹೋಗುವ ವ್ಯವಹಾರ ನಮಗೆ ಹೊಸದಲ್ಲವಲ್ಲ. ಅಲ್ಲಿಯೂ ಹಾಗೆಯೇ. ರಸ್ತೆ ಬರುವ ಮೊದಲು ಈ ಸರಕೆಲ್ಲ ಕಲ್ಲು ಹಾಸಿದ ಪುರಾತನ ಕಾಲುದಾರಿಗಳಲ್ಲಿ ಹೇಸರಗತ್ತೆಗಳ ಮತ್ತು ಮನುಷ್ಯರ ಬೆನ್ನಿನ ಮೇಲೆ ಸಾಗುತ್ತಿತ್ತು.

ನನ್ನ ವಿದ್ಯಾರ್ಥಿಯ ಮೊದಲ ದಿನದ ಇಳಿತ ಆರಂಭವಾದದ್ದು ಚಕಲ್ತಾಯ ಎಂಬ ಪರ್ವತದಿಂದ. ಎತ್ತರ ಸುಮಾರು 5,400 ಮೀಟರ್. 1930ರ ದಶಕದ ಕೊನೆಯಿಂದ ಅಲ್ಲಿ ಹಿಮದ ಮೇಲೆ ಜಾರುವ ಆಟ ನಡೆಯುತ್ತಿತ್ತು. ಜಗತ್ತಿನ ಅತಿ ಎತ್ತರದ ಜಾರುತಾಣವೆಂದು ಅದು ಹೆಸರಾಗಿತ್ತು. ಸಾವಿರಾರು ವರ್ಷ ಹಳೆಯದಾದ ಅಲ್ಲಿನ ಹಿಮನದಿ ಕರಗುತ್ತ ಬಂದು 2009ರ ಹೊತ್ತಿಗೆ ಪೂರ್ತಿ ಇಲ್ಲವಾಯಿತು. "ಜಾರುವವರ ಕಟ್ಟಡ ಇದೆ ಮೇಷ್ಟ್ರೇ, ಹಿಮ ಇಲ್ಲ. ಬರೀ ಕಂದು ಕಲ್ಲು," ಎಂದನು ಅವನು. ಅಲ್ಲಿಂದ ಕೆಳಗಿನ ಸೊಂಗೊ ಕಣಿವೆಗೆ ಅವರ ಸೈಕಲ್ಲುಗಳು ಇಳಿದವು.

ಎರಡನೆಯ ದಿನದ್ದು ಆ ಹೆಸರಾಂತ ರಸ್ತೆ. ಲಾ ಕುಂಬ್ರೆ ಎಂಬ ಕಣಿವೆಬಾಯಿಯಿಂದ, ಅಂದರೆ ಸುಮಾರು 4,650 ಮೀಟರ್ ಎತ್ತರದಿಂದ, ಯೊಲೊಸಾ ಎಂಬ ಹಳ್ಳಿಗೆ, ಸುಮಾರು 1,200 ಮೀಟರಿಗೆ ಇಳಿಯುತ್ತದೆ. ಅರುವತ್ತು ಕಿಲೋಮೀಟರಿಗಿಂತ ತುಸು ಹೆಚ್ಚಿನ ದಾರಿಯಲ್ಲಿ ಸುಮಾರು ಮೂರೂವರೆ ಕಿಲೋಮೀಟರಿನಷ್ಟು ನೇರ ಇಳಿತ! ಬೆಳಿಗ್ಗೆ ಹಲ್ಲು ಕಡಿಯುವ ಚಳಿ, ಮಧ್ಯಾಹ್ನ ಬೆವರು. ಹೊರಡುವ ಮೊದಲು ಮಾರ್ಗದರ್ಶಕನು ನೆಲಕ್ಕೂ ಸೈಕಲ್ಲಿನ ಗಾಲಿಗೂ ಒಂದಿಷ್ಟು ಮದ್ಯ ಚಿಮುಕಿಸಿದನಂತೆ. ಅಲ್ಲಿನ ಆಯ್ಮಾರ ಜನರ ಭೂಮಿತಾಯಿ ಪಚಮಾಮಾಳಿಗೆ ಸಲ್ಲಿಸುವ ಕಾಣಿಕೆ ಅದು. ಮುಂದೊಬ್ಬ ಮಾರ್ಗದರ್ಶಕ, ಹಿಂದೊಬ್ಬ, ಎಲ್ಲರ ಹಿಂದೆ ಒಂದು ವ್ಯಾನು. ರಸ್ತೆಯ ಹಳೆಯ ಭಾಗದಲ್ಲಿ ಅಗಲ ಹಲವೆಡೆ ಮೂರು ಮೀಟರು ಮಾತ್ರ. ಒಂದು ಕಡೆ ಬಂಡೆ, ಇನ್ನೊಂದು ಕಡೆ ನೂರಾರು ಮೀಟರು ಆಳ. ತಡೆಗೋಡೆ ಬಹುತೇಕ ಇಲ್ಲ. ಮೇಲಿನ ಬಂಡೆಯಿಂದ ಜಲಪಾತಗಳು ನೇರ ರಸ್ತೆಯ ಮೇಲೆಯೇ ಬೀಳುತ್ತವೆ.

ಈಗ ಅವನ ಪ್ರಶ್ನೆಗೆ ಬರುತ್ತೇನೆ. ಆ ಯುದ್ಧದ ಹೆಸರು ಚಾಕೊ ಯುದ್ಧ. 1932ರಿಂದ 1935ರವರೆಗೆ ಬೊಲಿವಿಯಾ ಮತ್ತು ಪರಾಗ್ವೆ ದೇಶಗಳ ನಡುವೆ ನಡೆಯಿತು. ಇಪ್ಪತ್ತನೆಯ ಶತಮಾನದಲ್ಲಿ ದಕ್ಷಿಣ ಅಮೆರಿಕ ಖಂಡದಲ್ಲಿ ನಡೆದ ಯುದ್ಧಗಳಲ್ಲಿ ಇದಕ್ಕಿಂತ ಹೆಚ್ಚು ಜನರನ್ನು ನುಂಗಿದ್ದು ಇನ್ನೊಂದಿಲ್ಲ. ಚಾಕೊ ಎಂಬುದು ಎರಡೂ ದೇಶಗಳ ನಡುವಿನ ಬಿಸಿಲುಗಾಡು. ಮುಳ್ಳುಪೊದೆ, ನೀರಿಲ್ಲದ ನೆಲ. ಅದಕ್ಕಾಗಿ ಹೊಡೆದಾಡಲು ಕಾರಣವೇನು? ಬೊಲಿವಿಯಾ 1879ರಲ್ಲಿ ಆರಂಭವಾದ ಯುದ್ಧದಲ್ಲಿ ಚಿಲಿ ದೇಶಕ್ಕೆ ತನ್ನ ಕಡಲತೀರವನ್ನು ಕಳೆದುಕೊಂಡಿತ್ತು. ಪರಾಗ್ವೆ ನದಿಯ ಮೂಲಕವಾದರೂ ಸಮುದ್ರವನ್ನು ತಲುಪಬೇಕೆಂಬ ಹಂಬಲ ಅದಕ್ಕಿತ್ತು. ಪರಾಗ್ವೆಯೂ ಹತ್ತೊಂಬತ್ತನೆಯ ಶತಮಾನದ ಯುದ್ಧವೊಂದರಲ್ಲಿ ನೆಲವನ್ನೂ ಜನರನ್ನೂ ಭಯಂಕರವಾಗಿ ಕಳೆದುಕೊಂಡಿದ್ದ ದೇಶ. ಇನ್ನೊಂದು ಅಂಗುಲವನ್ನೂ ಬಿಡಲು ಸಿದ್ಧವಿರಲಿಲ್ಲ. ಜೊತೆಗೆ, ಆ ನೆಲದಡಿಯಲ್ಲಿ ಎಣ್ಣೆಯಿದೆ ಎಂಬ ನಂಬಿಕೆ ಬೇರೆ. ಹೀಗೆ, ಹಿಂದೆ ಸೋತು ಬಡವಾಗಿದ್ದ ಎರಡು ದೇಶಗಳು ಒಂದನ್ನೊಂದು ಇರಿದುಕೊಂಡವು.

ಬೊಲಿವಿಯಾದ ಸೈನಿಕರಲ್ಲಿ ಬಹುಪಾಲು ಆಯ್ಮಾರ ಮತ್ತು ಕೆಚುವಾ ಬುಡಕಟ್ಟುಗಳ ರೈತರು. ನಾಲ್ಕು ಸಾವಿರ ಮೀಟರ್ ಎತ್ತರದ ಚಳಿಯಲ್ಲಿ ಹುಟ್ಟಿ ಬೆಳೆದ ಅವರನ್ನು ಹಿಡಿದು ತಂದು ಕೆಳನಾಡಿನ ಸುಡುಬಿಸಿಲಿಗೆ ಇಳಿಸಿದರು. ಗುಂಡಿಗಿಂತ ನೀರಡಿಕೆ ಮತ್ತು ರೋಗಗಳಿಂದ ಸತ್ತವರ ಕಥೆಗಳೇ ಆ ಯುದ್ಧದ ಕಥೆಗಳು. ಎರಡೂ ಕಡೆ ಸೇರಿ ಸುಮಾರು ಒಂದು ಲಕ್ಷ ಜನ ಸತ್ತರು. 1935ರ ಜೂನ್‌ನಲ್ಲಿ ಕದನವಿರಾಮವಾಯಿತು. 1938ರ ಒಪ್ಪಂದದಲ್ಲಿ ವಿವಾದಿತ ನೆಲದ ಬಹುಭಾಗ ಪರಾಗ್ವೆಗೆ ಹೋಯಿತು.

ಬೊಲಿವಿಯಾದ ಇಪ್ಪತ್ತು ಸಾವಿರದಷ್ಟು ಸೈನಿಕರು ಪರಾಗ್ವೆಯಲ್ಲಿ ಸೆರೆಯಾಗಿದ್ದರು. ಬೊಲಿವಿಯಾದ ವಶದಲ್ಲಿದ್ದ ಪರಾಗ್ವೆಯ ಕೈದಿಗಳು ಸುಮಾರು ಎರಡೂವರೆ ಸಾವಿರ. ಆ ಕೈದಿಗಳನ್ನೇ ಯುಂಗಾಸ್‌ನ ಬಂಡೆ ಕಡಿಯಲು ಹಚ್ಚಿದರು. ಮಕ್ಕಳೇ, ಇಲ್ಲಿ ಒಂದು ಕ್ಷಣ ನಿಲ್ಲಿ. ಪರಾಗ್ವೆ ತಗ್ಗಿನ ದೇಶ. ಅಲ್ಲಿ ಸಾವಿರ ಮೀಟರ್ ಎತ್ತರದ ಬೆಟ್ಟ ಒಂದೂ ಇಲ್ಲ. ಬೆಟ್ಟದವರನ್ನು ಬಿಸಿಲಿನ ಬಯಲಿಗೆ ಕಳಿಸಿದ ಯುದ್ಧವು ಬಯಲಿನವರನ್ನು ಚಳಿಯ ಪರ್ವತಕ್ಕೆ ಹತ್ತಿಸಿ, ಕೈಗೆ ಹಾರೆ ಗುದ್ದಲಿ ಕೊಟ್ಟು, ಪ್ರಪಾತದ ಅಂಚಿನಲ್ಲಿ ನಿಲ್ಲಿಸಿತು. ಕೈದಿಗಳಿಗೆ ಅಪಾಯಕರ ಕೆಲಸ ಕೊಡಕೂಡದೆಂಬ ಜಿನೀವಾ ಒಡಂಬಡಿಕೆ 1929ರಲ್ಲಿಯೇ ಆಗಿತ್ತು. ಕಾಗದದಲ್ಲಿ ಬರೆದದ್ದು ಬಂಡೆಯವರೆಗೆ ಏರಿ ಬರಲಿಲ್ಲ.

ಕಟ್ಟಿದ ಮೇಲಾದರೂ ಆ ರಸ್ತೆಗೆ ಶಾಂತಿ ಸಿಕ್ಕಿತೆ? ಇಲ್ಲ. 1944ರ ನವೆಂಬರ್ 20ರಂದು, ಅಧ್ಯಕ್ಷ ಗ್ವಾಲ್‌ಬೆರ್ತೊ ವಿಯರೊಯೆಲ್‌ನ ಆಡಳಿತದಲ್ಲಿ, ವಿರೋಧಪಕ್ಷದ ಐವರು ಪ್ರಮುಖರನ್ನು ಇದೇ ದಾರಿಯ ಚುಸ್ಪಿಪಾತಾ ಎಂಬಲ್ಲಿಗೆ ಕರೆದೊಯ್ದು ಗುಂಡಿಕ್ಕಿ ಕಮರಿಗೆ ತಳ್ಳಿದರು. 1946ರ ಜುಲೈ 21ರಂದು ಜನರು ದಂಗೆಯೆದ್ದು ಆ ಅಧ್ಯಕ್ಷನನ್ನು ಕೊಂದು ಲಾ ಪಾಸ್‌ನ ಮುಖ್ಯ ಚೌಕದ ದೀಪದ ಕಂಬಕ್ಕೆ ನೇತುಹಾಕಿದರು. ಕಮರಿಗೆ ಬಿದ್ದ ಐವರಿಗೆ ಅಲ್ಲಿ ಸ್ಮಾರಕವಿದೆ.

ಮುಂದೆ ಬಂದವು ಬಸ್ಸು, ಲಾರಿಗಳು. ಬೊಲಿವಿಯಾದಲ್ಲಿ ವಾಹನಗಳು ಬಲಗಡೆ ಚಲಿಸುತ್ತವೆ. ಈ ಒಂದು ರಸ್ತೆಯಲ್ಲಿ ಮಾತ್ರ ಎಡಗಡೆ. ಚಾಲಕ ಕುಳಿತುಕೊಳ್ಳುವುದು ವಾಹನದ ಎಡಬದಿಯಲ್ಲಿ. ಇಳಿಯುವವನು ಎಡಕ್ಕೆ, ಅಂದರೆ ಪ್ರಪಾತದ ಕಡೆಗೆ ಸರಿದರೆ ಕಿಟಕಿಯಿಂದ ಬಗ್ಗಿ ತನ್ನ ಹೊರಗಾಲಿ ಎಲ್ಲಿದೆಯೆಂದು ನೋಡಿಕೊಳ್ಳಬಹುದು. ಹತ್ತುವ ವಾಹನಕ್ಕೆ ಮೊದಲ ಹಕ್ಕು. ತಿರುವುಗಳಲ್ಲಿ ಕೆಂಪು, ಹಸಿರು ಹಲಗೆಗಳನ್ನು ಹಿಡಿದು ಬಡವರು ನಿಲ್ಲುತ್ತಿದ್ದರು; ಚಾಲಕರು ಎಸೆದ ಚಿಲ್ಲರೆ ಕಾಸೇ ಅವರ ಸಂಬಳ. ಇಷ್ಟಾದರೂ 1983ರ ಜುಲೈ 24ರಂದು ಒಂದು ಬಸ್ಸು ಉರುಳಿ ನೂರಕ್ಕೂ ಹೆಚ್ಚು ಜನ ಸತ್ತರು. ವರ್ಷಕ್ಕೆ ಇನ್ನೂರರಿಂದ ಮುನ್ನೂರು ಜನ ಸಾಯುತ್ತಾರೆಂಬ ಅಂದಾಜುಗಳಿದ್ದವು. 1995ರಲ್ಲಿ ಅಂತರ್-ಅಮೆರಿಕ ಅಭಿವೃದ್ಧಿ ಬ್ಯಾಂಕು ಇದನ್ನು ಜಗತ್ತಿನ ಅತ್ಯಂತ ಅಪಾಯಕಾರಿ ರಸ್ತೆಯೆಂದು ಕರೆಯಿತು.

ವಿಚಿತ್ರವೆಂದರೆ ಆ ಕೆಟ್ಟ ಹೆಸರೇ ಅದರ ಜಾಹೀರಾತಾಯಿತು. 1990ರ ದಶಕದ ಕೊನೆಯಲ್ಲಿ ಪ್ರವಾಸಿಗರನ್ನು ಸೈಕಲ್ಲಿನಲ್ಲಿ ಇಳಿಸುವ ಉದ್ಯಮ ಆರಂಭವಾಯಿತು. 2006ರ ಸುಮಾರಿಗೆ ಸುರಂಗ, ಸೇತುವೆಗಳ ಹೊಸ ರಸ್ತೆ ತೆರೆದ ಮೇಲೆ ಲಾರಿ ಬಸ್ಸುಗಳು ಬಹುಮಟ್ಟಿಗೆ ಅತ್ತ ಹೋದವು. ಹಳೆಯ ದಾರಿ ಸೈಕಲ್ ಸವಾರರ ಪಾಲಿಗೆ ಬಂತು. ಆಮೇಲೂ ಎಚ್ಚರ ತಪ್ಪಿದ ಸವಾರರು ಸತ್ತಿದ್ದಾರೆ. ಆದರೆ ಆ ಉದ್ಯಮದಿಂದ ಸ್ಥಳೀಯ ಯುವಕರಿಗೆ ಕೆಲಸ ಸಿಕ್ಕಿದೆ, ದಾರಿಬದಿಯ ಹಳ್ಳಿಗಳಿಗೆ ನಾಲ್ಕು ಕಾಸು ಬಂದಿದೆ. ಅದನ್ನು ಹಳಿಯುವುದು ನನ್ನ ಉದ್ದೇಶವಲ್ಲ.

ಮೂರನೆಯ ದಿನ ಅವರು ಕೊರೊಯ್ಕೊ ಊರಿನ ಬಳಿಯ ತೊಕಾನ್ಯ ಎಂಬ ಹಳ್ಳಿಗೆ ಇಳಿದರಂತೆ. ಅಲ್ಲಿರುವವರು ಆಫ್ರಿಕಾ ಮೂಲದ ಜನ. ಸ್ಪೇನಿನವರು ಅವರ ಪೂರ್ವಜರನ್ನು ಗುಲಾಮರನ್ನಾಗಿ ಪೊತೊಸಿಯ ಬೆಳ್ಳಿಯ ಊರಿಗೆ ತಂದಿದ್ದರು. ಮುಂದೆ ಯುಂಗಾಸ್‌ನ ಜಮೀನ್ದಾರರ ಕೋಕಾ ತೋಟಗಳಲ್ಲಿ ದುಡಿಸಿದರು. 1851ರಲ್ಲಿ ಕಾನೂನಿನಲ್ಲಿ ಗುಲಾಮಗಿರಿ ಹೋಯಿತು. ತೋಟದ ಜೀತ ಹೋದದ್ದು 1953ರ ಭೂಸುಧಾರಣೆಯಿಂದ. ಆ ಸುಧಾರಣೆಗೆ ದಾರಿ ಮಾಡಿದ 1952ರ ಕ್ರಾಂತಿಯ ಬೇರು ಎಲ್ಲಿತ್ತು ಗೊತ್ತೆ? ಅದೇ ಚಾಕೊ ಯುದ್ಧದಲ್ಲಿ. ಒಂದೇ ಕಂದಕದಲ್ಲಿ ನೀರಿಗಾಗಿ ಬಾಯಿಬಿಟ್ಟ ರೈತನೂ ಗಣಿಕಾರ್ಮಿಕನೂ ಪಟ್ಟಣದ ಹುಡುಗನೂ ಮನೆಗೆ ಮರಳಿ, ನಮ್ಮನ್ನು ಸಾಯಲು ಕಳಿಸಿದವರು ಯಾರು ಎಂದು ಕೇಳತೊಡಗಿದರು. ಯುದ್ಧ ಸೋತ ದೇಶ ಆ ಪ್ರಶ್ನೆಯನ್ನು ಗಳಿಸಿತು.

ಇಷ್ಟನ್ನೂ ಹೇಳಿ ಮುಗಿಸಿದಾಗ ಕತ್ತಲಾಗಿತ್ತು. ನಾನು ಅವನನ್ನು ಕೇಳಿದೆ: "ದಾರಿಯುದ್ದಕ್ಕೂ ಶಿಲುಬೆಗಳಿವೆ ಎಂದೆಯಲ್ಲ, ಆ ಕೈದಿಗಳ ಹೆಸರಿನದು ಒಂದಾದರೂ ಕಂಡೆಯಾ?"

"ಇಲ್ಲ ಮೇಷ್ಟ್ರೇ. ಎಲ್ಲ ಬಸ್ಸು ಲಾರಿ ಬಿದ್ದು ಸತ್ತವರದ್ದು. ನಾನು ನಿಂತು ಓದಲೂ ಇಲ್ಲ, ಇಳಿಯುವ ಗಡಿಬಿಡಿ," ಎಂದನು.

ಅವನನ್ನು ಬೈಯಲು ನನಗೆ ಅಧಿಕಾರವಿಲ್ಲ. ಮೂವತ್ತನಾಲ್ಕು ವರ್ಷ ಇತಿಹಾಸ ಕಲಿಸಿದ ನಾನು, ಪ್ರತಿ ಪ್ರಶ್ನೆಪತ್ರಿಕೆಯಲ್ಲಿಯೂ ಏನು ಕೇಳುತ್ತಿದ್ದೆ? "ಈ ಕೆಳಗಿನವುಗಳನ್ನು ಕಟ್ಟಿಸಿದವರು ಯಾರು?" ಕೋಟೆ ಕಟ್ಟಿಸಿದವರು, ಕೆರೆ ಕಟ್ಟಿಸಿದವರು, ಹೆದ್ದಾರಿ ಹಾಕಿಸಿದವರು. ಒಂದು ಅಂಕ, ಒಂದು ಹೆಸರು. ನಮ್ಮ ಕನ್ನಡ ಎಷ್ಟು ಪ್ರಾಮಾಣಿಕ ಭಾಷೆ ನೋಡಿ: ಕಟ್ಟಿಸಿದವನು ಬೇರೆ, ಕಟ್ಟಿದವನು ಬೇರೆ ಎಂದು ಕ್ರಿಯಾಪದದಲ್ಲಿಯೇ ಹೇಳಿಬಿಡುತ್ತದೆ. ವ್ಯಾಕರಣದ ಪಾಠದಲ್ಲಿ ಆ ಭೇದವನ್ನು ನೀವೆಲ್ಲ ಕಲಿತಿರಿ. ಇತಿಹಾಸದ ಪಾಠದಲ್ಲಿ ನಾನು ಅದನ್ನು ಮರೆತೆ. "ಕಟ್ಟಿದವರು ಯಾರು?" ಎಂದು ಒಂದು ಸಲವೂ ಕೇಳಲಿಲ್ಲ. ಕೇಳಿದ್ದರೆ ಉತ್ತರದ ಜಾಗದಲ್ಲಿ ಹೆಸರು ಸಿಗದೆ ನೀವು ತಡವರಿಸುತ್ತಿದ್ದಿರಿ. ಆ ತಡವರಿಕೆಯೇ ನಿಜವಾದ ಪಾಠವಾಗುತ್ತಿತ್ತು ಎಂದು ಈಗ ಅನ್ನಿಸುತ್ತದೆ.

ಪೆಡಲು ತುಳಿಯದೆ ಇಳಿಯುವ ಸುಖ ಸಣ್ಣದಲ್ಲ. ಆ ಹುಡುಗನ ಮುಖದಲ್ಲಿ ಅದನ್ನು ಎರಡು ಸಲ ನೋಡಿದ್ದೇನೆ, ಏಳನೆಯ ತರಗತಿಯಲ್ಲೊಮ್ಮೆ, ಮೊನ್ನೆ ಇನ್ನೊಮ್ಮೆ. ಇಳಿಯಬಾರದೆಂದು ನಾನು ಹೇಳುವುದಿಲ್ಲ. ಯಾರೋ ಮೊದಲೇ ಏರಿ, ಕಡಿದು, ದಾರಿ ಮಾಡಿಟ್ಟಿದ್ದರಿಂದ ನಮ್ಮ ಇಳಿತ ಸಲೀಸಾಯಿತು ಎಂಬುದು ನೆನಪಿದ್ದರೆ ಸಾಕು. ಹೊರಡುವಾಗ ಅವನು ಆ ಅಂಗಿಯನ್ನು ಮಡಿಚಿ ಚೀಲದೊಳಗೆ ಇಟ್ಟುಕೊಂಡನು. "ಬದುಕಿ ಬಂದವರು ಹಾಕಿಕೊಳ್ಳುವ ಅಂಗಿ ಮೇಷ್ಟ್ರೇ, ಸ್ವಲ್ಪ ದೊಡ್ಡದಾಯಿತು ನನಗೆ," ಎಂದನು. ಅಳತೆಯ ಮಾತೋ ಬೇರೆಯೋ, ನಾನು ಕೇಳಲಿಲ್ಲ.

ಬಾಕಿ ಪಾಠ ಮುಗಿಯಿತು. ಮೇಷ್ಟರ ಅಭ್ಯಾಸದಂತೆ ಮನೆಗೆಲಸ ಒಂದಿದೆ. ನಿಮ್ಮ ಊರಿಗೆ ಹೋಗುವ ರಸ್ತೆಯನ್ನು, ಅಥವಾ ನೀವು ನೀರು ಕುಡಿಯುವ ಕೆರೆಯನ್ನು ಕಟ್ಟಿದವರು ಯಾರು? ಕಟ್ಟಿಸಿದವರ ಹೆಸರು ಬೇಡ. ಅದು ಕಲ್ಲಿನ ಮೇಲೆ ಇದ್ದೇ ಇರುತ್ತದೆ. ಮನೆಯ ಹಿರಿಯರು ಇನ್ನೂ ಇದ್ದರೆ ಅವರನ್ನು ಕೇಳಿ, ನನಗೆ ಬರೆದು ತಿಳಿಸಿರಿ. ಅಂಕಗಳಿಲ್ಲ.